ಗಿಟಾರಿನ ಹೊಟ್ಟೆಯೊಳಗಿನ ಗಂಟು

ಕೋಟೇಶ್ವರದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ನಮ್ಮ ಮನೆಯವರೆಲ್ಲ ದೇವಸ್ಥಾನದಲ್ಲಿ ಮಂತ್ರ ಹೇಳಿಕೊಂಡಿದ್ದರೆ, ನಾನೊಬ್ಬ ಮದುವೆ ಮನೆಗಳಿಗೆ ಸ್ಪೀಕರ್ ಕಟ್ಟಿಕೊಂಡು ಹೊಟ್ಟೆ ಹೊರೆದವನು. ಆ ಅಂಗಡಿಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಹದಿನಾಲ್ಕು ವರ್ಷ ಗಿಟಾರ್ ರಿಪೇರಿ ಮಾಡಿದವನು ಗುಣಪಾಲ. ಬಾಡಿಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬಾಡಿಗೆಯ ಬದಲು ನನ್ನ ವೈರುಗಳನ್ನೆಲ್ಲ ಸುತ್ತಿ, ಕಟ್ಟಿ, ಗೋಡೆಗೆ ತೂಗುಹಾಕಿ ಕೊಡುತ್ತಿದ್ದ.

ಕಟ್ಟುವುದಕ್ಕೆ ಅವನಿಗೆ ಟೇಪು ಆಗದು. ಬಲೆ ಹೆಣೆಯುವ ನೈಲಾನ್ ನೂಲೇ ಆಗಬೇಕು. ಅವನ ಅಪ್ಪ ಬಲೆ ಸರಿಮಾಡುವುದರಲ್ಲಿ ಹೆಸರಾದವರು. ಕೊನೆಯ ಗಂಟು ಹಾಕಿ ಅದರ ಬಾಲವನ್ನು ಎರಡು ಸಲ ಹಿಂದಕ್ಕೆ ತೂರಿಸಿ, ತುದಿಯನ್ನು ಬೆಂಕಿಯಲ್ಲಿ ಸುಟ್ಟು ಬಿಡುತ್ತಿದ್ದರಂತೆ. ಆ ಗಂಟು ಕಂಡರೆ ಯಾರ ಮನೆಯ ಕೈ ಎಂದು ಕಡಲತಡಿಯವರು ಹೇಳುತ್ತಿದ್ದರು. ಗುಣಪಾಲನ ಕೈಗೆ ಬೇರೆ ಗಂಟು ಬರುತ್ತಲೇ ಇರಲಿಲ್ಲ.

ಅವನ ನಿಜವಾದ ಕಸುಬು ರಿಪೇರಿಯಲ್ಲ, ನಕಲಿ ಹಿಡಿಯುವುದು. ಹಾಲಾಡಿಯಿಂದ ಬೈಂದೂರಿನವರೆಗೆ ಯಾರೇ ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವುದಿದ್ದರೂ ಮೊದಲು ನಮ್ಮ ಜಗಲಿಗೆ ತರುತ್ತಿದ್ದರು. ಅವನು ಎತ್ತಿ ತೂಕ ನೋಡುವನು. ಗಿಟಾರಿನ ತಲೆಯ ಮೇಲಿನ ಕಂಪನಿಯ ಹೆಸರಿನ ಮೇಲೆ ಉಗುರು ಆಡಿಸುವನು; ಉಗುರಿಗೆ ಅಂಚು ತಾಗಿದರೆ ಅನುಮಾನ ಶುರು. ತಂತಿ ಬಿಗಿಯುವ ಕಿವಿಗಳ ಪಕ್ಕದಲ್ಲಿ ಹಳೆಯ ಸ್ಕ್ರೂ ತೂತುಗಳನ್ನು ಮರದ ಪುಡಿ ತುಂಬಿ ಮುಚ್ಚಿದ್ದಾರೆಯೇ ಎಂದು ಬೆಳಕಿಗೆ ಹಿಡಿಯುವನು. ಕೊನೆಗೆ ತಂತಿ ಸಡಿಲಿಸಿ, ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿ ಕುತ್ತಿಗೆಯನ್ನು ಬೇರೆ ಮಾಡಿ, ಮುಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗಿನ ವೈರು ನೋಡುವನು. ಕುತ್ತಿಗೆ ಒಂದು ಗಿಟಾರಿನದು, ಹೊಟ್ಟೆ ಇನ್ನೊಂದರದು ಎಂಬುದು ಅಲ್ಲಿ ಬಯಲಾಗುತ್ತಿತ್ತು. ಬಿಚ್ಚದೆ ತೀರ್ಪು ಹೇಳಬಾರದು ಎಂಬುದು ಅವನೇ ಮಾಡಿಕೊಂಡ ನಿಯಮ.

ಇಷ್ಟೆಲ್ಲ ಎಲ್ಲಿ ಕಲಿತೆ ಎಂದರೆ 'ಬೊಂಬಾಯಿಲಿ' ಎನ್ನುತ್ತಿದ್ದ. ನಮ್ಮ ಕಡೆಯ ಅರ್ಧ ಊರು ಬೊಂಬಾಯಿ ಕಂಡದ್ದೇ, ಹಾಗಾಗಿ ಯಾರೂ ಮುಂದೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಕಲಿಯ ಒಳಹೊರಗು ಇಷ್ಟು ಚೆನ್ನಾಗಿ ತಿಳಿದವನು ಅದನ್ನು ಯಾವ ಕಡೆಯಿಂದ ನೋಡಿರಬೇಕು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನಾವುಂದದ ಸಚಿನ್ ಎಂಬ ಹುಡುಗ ತನ್ನ ಗಿಟಾರ್ ಹಿಡಿದು ಬಂದ. ಮೂರು ವರ್ಷ ಬೊಂಬಾಯಿಯ ಕ್ಯಾಂಟೀನಿನಲ್ಲಿ ದುಡಿದು ಅಲ್ಲೇ ಕೊಂಡ ಹಳೆಯ ಗಿಟಾರ್. ದೊಡ್ಡ ವಿದೇಶಿ ಕಂಪನಿಯ ಹೆಸರು. ಊರಿಗೆ ಬಂದು ಮನೀಷ್ ಎಂಬವನ ಆರ್ಕೆಸ್ಟ್ರಾ ಸೇರಿಕೊಂಡಿದ್ದ. ಆ ಗಿಟಾರನ್ನು ಮನೀಷನಿಗೇ ಮಾರುವ ಮಾತಾಗಿತ್ತು. ಪರೀಕ್ಷೆಗೆಂದು ಇಬ್ಬರೂ ಬಂದಿದ್ದರು, ಹಿಂದೆಯೇ ಆರ್ಕೆಸ್ಟ್ರಾದ ಹತ್ತು ಜನ. ನಾನು ಫೋನು ಎತ್ತಿ ವಿಡಿಯೋ ಮಾಡತೊಡಗಿದೆ, ಅಂಗಡಿಗೆ ಪ್ರಚಾರವಾಗಲಿ ಎಂದು.

ಗುಣಪಾಲ ಎತ್ತಿದ, ಉಗುರು ಆಡಿಸಿದ, ನಕ್ಕ.

"ಹೆಸ್ರ್ ಅಂಟ್ಸಿದ್ದ್. ಇದ್ ಎರಡ್ ಮೂರ್ ಗಿಟಾರ್ ಕೂಡ್ಸಿ ಮಾಡಿದ್ದ್," ಎಂದ.

ಸಚಿನ್‌ನ ಮುಖ ಕಪ್ಪಿಟ್ಟಿತು. "ಅಣ್ಣ, ಒಂದ್ಸಲ ಬಿಚ್ಚಿ ಕಾಣಿ. ಎಲ್ಲ ಗಿಟಾರೂ ಬಿಚ್ತ್ರಿ ಅಲ್ದಾ?"

"ಹೊಟ್ಟಿ ನೋವಿಗೆ ಹೊಟ್ಟಿ ಕೊಯ್ದೇ ಕಾಣ್ಕಾ ಮಾರಾಯ? ಮೋರೆ ಕಂಡ್ರೆ ಗೊತ್ತಾತ್ತಿಲ್ಯಾ?" ಎಂದ ಗುಣಪಾಲ. ಎಲ್ಲರೂ ನಕ್ಕರು, ನಾನೂ ಗಟ್ಟಿಯಾಗಿ ನಕ್ಕೆ. ಜನ ನಕ್ಕದ್ದು ಅವನ ತಲೆಗೇರಿತು. "ಇಂಥದ್ ಮಾರುಕೆ ತಂದವ್ನಿಗೆ ಗೊತ್ತಿಲ್ದೆ ಇರುಕಿಲ್ಲೆ," ಎಂದೂ ಸೇರಿಸಿದ.

ವಿಡಿಯೋವನ್ನು ಅಂಗಡಿಯ ಫೇಸ್‌ಬುಕ್ ಪುಟಕ್ಕೆ ಹಾಕಿದೆ. ಒಂದೇ ವಾರದಲ್ಲಿ ಆರು ಸಾವಿರ ಜನ ನೋಡಿದರು. ಮನೀಷ್ ಹುಡುಗನನ್ನು ತಂಡದಿಂದ ಬಿಟ್ಟ. ಉಳಿದ ತಂಡದವರೂ ಕರೆಯಲಿಲ್ಲ. ಹೋದಲ್ಲಿ ಬಂದಲ್ಲಿ 'ಬಿಚ್ಚಿ ಕಾಣಿ' ಎಂದು ಅವನನ್ನು ಅಣಕಿಸುತ್ತಿದ್ದರಂತೆ. ಮೀನುಗಾರರ ಮನೆಯವನಾದರೂ ಕಡಲಿಗೆ ಇಳಿದವನಲ್ಲ ಆ ಹುಡುಗ. ಮುಂದಿನ ಆಗಸ್ಟಿನಲ್ಲಿ, ಮಳೆಗಾಲದ ರಜೆ ಮುಗಿದು ಬೋಟುಗಳು ಹೊರಟಾಗ ಗಂಗೊಳ್ಳಿಯಲ್ಲಿ ಬೋಟು ಹತ್ತಿದ. ಎಂಟನೇ ದಿನ ನೀರಿಗೆ ಬಿದ್ದ. ಮೂರು ದಿನ ಬಿಟ್ಟು ಹೆಣ ಸಿಕ್ಕಿತು.

ಹೋದ ವರ್ಷ ಜುಲೈಯಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಅವನ ತಾಯಿ ಪ್ರಭಾವತಿಯಕ್ಕ ಜಗಲಿ ಹತ್ತಿದರು. ಮೀನು ಮಾರುವವರು. ಬೋಟು ನಿಂತ ಕಾಲ, ಬುಟ್ಟಿಯ ಬದಲು ಕೈಯಲ್ಲಿ ಗಿಟಾರಿನ ಚೀಲ.

"ಗುಣಪಾಲಣ್ಣ, ಮಗನ ವರ್ಷಾಂತಿಕ ಬತ್ತ್. ಅಂವ ಸಾಯು ತನ್ಕ ಹೇಳ್ತಿದ್ದ, ಅಬ್ಬಿ, ನಂಗೆ ಗೊತ್ತಿರ್ಲಿಲ್ಲೆ ಅಂದೇಳಿ. ನಾನ್ ನಂಬ್ಲಿಲ್ಲೆ. ಅಷ್ಟ್ ಜನ ಹೇಳುವತ್ತಿಗೆ ನಾನೂ ಬೈದೆ. ಈಗ ಬಿಚ್ಚಿ ಕಾಣಿ. ಅಂವ ಗೊತ್ತಿದ್ದ್ ತಂದದ್ದಾ, ಗೊತ್ತಿಲ್ದೆ ತಂದದ್ದಾ, ಅಷ್ಟ್ ಹೇಳಿ ಸಾಕ್."

ಗುಣಪಾಲ ಕುಳಿತು ಸ್ಕ್ರೂ ಬಿಚ್ಚಿದ. ತುಕ್ಕು ಹಿಡಿದಿದ್ದವು, ಹೊತ್ತು ಹಿಡಿಯಿತು. ಮುಚ್ಚಳ ಎತ್ತಿದವನ ಕೈ ಅಲ್ಲೇ ನಿಂತಿತು. ನಾನು ಕತ್ತು ಚಾಚಿ ನೋಡಿದೆ. ಒಳಗೆ ಕೆಂಪು, ಕಪ್ಪು, ಬಿಳಿ ವೈರುಗಳು. ಅವನ್ನು ಒಟ್ಟು ಮಾಡಿ ಹಸಿರು ನೈಲಾನ್ ನೂಲಿನಲ್ಲಿ ಕಟ್ಟಿತ್ತು. ಗಂಟಿನ ಬಾಲ ಎರಡು ಸಲ ಹಿಂದಕ್ಕೆ ತೂರಿತ್ತು, ತುದಿ ಸುಟ್ಟು ಕಪ್ಪಾಗಿತ್ತು.

ಅವನು ಬೇಗ ಮುಚ್ಚಳ ಇಟ್ಟ. "ನಕ್ಲಿಯೇ ಅಕ್ಕ. ಆರೆ ಅವ್ನಿಗೆ ಗೊತ್ತಿಲ್ದೆಯೂ ಇರ್ಲಕ್ಕ್," ಎಂದ.

ಪ್ರಭಾವತಿಯಕ್ಕ ಮುಚ್ಚಳದ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ಸರಿಸಿದರು. ಬಲೆಯ ಮನೆಯಲ್ಲೇ ಹುಟ್ಟಿ ಬೆಳೆದ ಹೆಂಗಸು. ಒಳಗಿನ ಗಂಟನ್ನು ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಗೋಡೆಯನ್ನು ನೋಡಿದರು. ಅಲ್ಲಿ ನಲವತ್ತು ಸುತ್ತು ವೈರು ತೂಗುತ್ತಿತ್ತು, ನಲವತ್ತಕ್ಕೂ ಅದೇ ಗಂಟು. ಅಷ್ಟು ವರ್ಷ ನನಗೆ ಚೆಂದ ಕಂಡ ಗೋಡೆಯನ್ನು ಆ ಹೊತ್ತಿನಲ್ಲಿ ಕೆಡವಿಬಿಡಬೇಕು ಎನಿಸಿತು.

"ಇದ್ ನಿಮ್ಮ ಕೈಯ್ಯಲ್ದಾ?" ಎಂದು ಕೇಳಿದರು.

ಗುಣಪಾಲ ಆಗ ಹೇಳಿದ. ಬೊಂಬಾಯಿಯ ಒಂದು ಓಣಿಯಲ್ಲಿ ಆರು ವರ್ಷ ಅದೇ ಕೆಲಸ ಮಾಡಿದ್ದ. ಒಡೆದ ಗಿಟಾರುಗಳನ್ನು ತಂದು ಸುರಿಯುತ್ತಿದ್ದರು, ಇವನು ಕೂಡಿಸಿ ದೊಡ್ಡ ಹೆಸರು ಅಂಟಿಸುತ್ತಿದ್ದ. ಎಷ್ಟು ಮಾಡಿದ್ದನೆಂದು ಲೆಕ್ಕವಿಲ್ಲ. ಗೊತ್ತಿದ್ದೇ ಮಾಡಿದ್ದ. ಕೊಂಡವನು ಯಾರೆಂದು ಒಮ್ಮೆಯೂ ಕಂಡಿರಲಿಲ್ಲ.

"ಅಂವ ಬಿಚ್ಚಿ ಕಾಣಿ ಅಂದಾಗ ಯಾಕ್ ಬಿಚ್ಲಿಲ್ಲೆ?"

ಗುಣಪಾಲ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಸಾಲಾಗಿಟ್ಟ. ಉತ್ತರ ನನಗೆ ಗೊತ್ತಿತ್ತು: ನಾವು ನಗುತ್ತಿದ್ದೆವು, ಅದಕ್ಕೆ.

ಪ್ರಭಾವತಿಯಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಕಡೆ ತಿರುಗಿ, "ಐತಾಳ್ರೆ, ಅವತ್ತ್ ಫೋನ್ ಹಿಡ್ದದ್ದ್ ನೀವೇ ಅಲ್ದಾ? ಇದನ್ನೂ ಹಿಡೀನಿ. ಅದನ್ನ್ ಹಾಕಿದಲ್ಲೇ ಇದನ್ನೂ ಹಾಕಿ," ಎಂದರು.

ನಾನು ಹಿಡಿದೆ.

"ನಾನ್ ಗುಣಪಾಲ. ಈ ಗಿಟಾರ್ ಕೂಡ್ಸಿದ್ದ್ ನಾನೇ. ಹೆಸ್ರ್ ಅಂಟ್ಸಿದ್ದೂ ನಾನೇ. ಸಚಿನ್‌ಗೆ ಮೋಸ ಆದ್ದ್ ನನ್ನಿಂದ. ಅಂವ ಯಾರಿಗೂ ಮೋಸ ಮಾಡ್ಲಿಲ್ಲೆ." ಇಷ್ಟು ಹೇಳಿ ಅವನು ಫೋನನ್ನೇ ನೋಡುತ್ತಾ ನಿಂತ. ವಿಡಿಯೋ ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ.

ಗಿಟಾರನ್ನು ಪ್ರಭಾವತಿಯಕ್ಕ ಒಯ್ಯಲಿಲ್ಲ. "ಇದ್ ನಿಮ್ದ್," ಎಂದು ಮೇಜಿನ ಮೇಲೆಯೇ ಬಿಟ್ಟು ಹೋದರು. ಗುಣಪಾಲ ಮರುದಿನ ಮೇಜಿಗೆ ಬರಲಿಲ್ಲ. ಈಗ ಕೋಡಿಯ ಕಡೆ ಯಾರದೋ ಶೆಡ್ಡಿನಲ್ಲಿ ಬಲೆ ಸರಿಮಾಡುತ್ತಾನೆ ಎಂದು ಕೇಳಿದ್ದೇನೆ. ಗಂಟು ಬೇರೆ ಹಾಕುತ್ತಾನಂತೆ, ಬಾಲ ತೂರಿಸದೆ. ಅದು ಬೇಗ ಬಿಚ್ಚಿಕೊಳ್ಳುತ್ತದೆ ಎಂದು ಬೋಟಿನವರ ದೂರು.

ಹಳೆಯ ವಿಡಿಯೋ ನಾನು ಅಳಿಸಿದೆ. ಆದರೆ ಎಷ್ಟು ಜನರ ಫೋನಿನಲ್ಲಿ ಅದು ಉಳಿದಿದೆಯೋ ದೇವರೇ ಬಲ್ಲ. ಹೊಸದಕ್ಕೆ ಮನೀಷ್ ಕೈಮುಗಿದ ಚಿಹ್ನೆ ಹಾಕಿದ. ನಾಲ್ವರು ಅಳುವ ಮುಖ ಹಾಕಿದರು. ಅಷ್ಟಕ್ಕೇ ನಿಂತಿತು.

ಪ್ರಭಾವತಿಯಕ್ಕ ತಿಂಗಳಿಗೊಮ್ಮೆ ಬರುತ್ತಾರೆ. ಜಗಲಿ ಹತ್ತುವುದಿಲ್ಲ, ಕೆಳಗೆ ನಿಂತೇ, "ಎಷ್ಟ್ ಜನ ಕಂಡ್ರ್?" ಎಂದು ಕೇಳುತ್ತಾರೆ. ಮೊದಮೊದಲು ನಿಜ ಹೇಳುತ್ತಿದ್ದೆ. ನೂರ ಹನ್ನೆರಡು ಎಂದೆ, ಮುಂದಿನ ತಿಂಗಳೂ ನೂರ ಹನ್ನೆರಡೇ ಎಂದೆ. ಆ ಮುಖ ನೋಡಲಾಗದೆ ಹೋದ ವಾರ ಮೂರು ಸಾವಿರ ಎಂದುಬಿಟ್ಟೆ.

ಅವರು ಬೆರಳು ಮಡಿಚಿ ಎಣಿಸಿದರು.

"ಹಾಂಗಾರೆ ಆರ್ ಸಾವ್ರದಲ್ಲ್ ಇನ್ನ್ ಅರ್ಧ ಬಾಕಿ ಇತ್ತ್," ಎಂದು ಬುಟ್ಟಿ ತಲೆಗೇರಿಸಿಕೊಂಡು ಬಸ್ಸಿಗೆ ನಡೆದರು.