ಚಿಪ್ ಇಲ್ಲದ ಕೀಲಿ ಮತ್ತು ನಾಲ್ಕು ಮಂದಿ ಹಮಾಲರು

ನನ್ನ ಕಾರಿಗೆ ಮಾಡಿಸಿದ ಎರಡನೇ ಕೀಲಿಯಾಗ ಚಿಪ್ ಇರಲಿಲ್ಲ. ಬಾಗಲಾ ತೆಗೀತಿತ್ತು, ಎಂಜಿನ್ ಚಾಲೂ ಆಗ್ತಿರಲಿಲ್ಲ. ಅದರ ಖರೇ ಉಪಯೋಗ ಅಮರಗೋಳದ ಮಾರ್ಕೆಟ್ಟಿನ್ಯಾಗ ಹೊಳೀತು. ಮೆಣಸಿನಕಾಯಿ ಚೀಲ ಡಿಕ್ಕಿಯಾಗ ಇಡಾಕ ಹಮಾಲ ಫಕೀರಪ್ಪಗ ಅದನ್ನ ಕೊಟ್ಟೆ. ಕಾರು ಇನ್ನ ಯಾರೂ ಒಯ್ಯಾಕ ಆಗಂಗಿಲ್ಲ ಅಂತ ನನ್ನ ಜಾಣತನಕ್ಕ ನಾನ ಹಿಗ್ಗಿ ಹರಾಜಿಗೆ ಹೋದೆ.

ಹೊಳ್ಳಿ ಬಂದು ನೋಡಿದ್ರ ಕಾರು ಇಟ್ಟಲ್ಲಿ ಇಲ್ಲ. ಅತ್ತಿತ್ತ ಓಡಾಡಿ ಹುಡುಕಿದೆ.

"ಇಲ್ಲೈತ್ರಿ ಸಾವ್ಕಾರ್ರ" ಅಂತ ದೂರದ ಬೇವಿನ ಗಿಡದ ಕೆಳಗಿಂದ ಫಕೀರಪ್ಪ ಕೈ ಮಾಡಿದ. "ಬಿಸಲಾಗ ಕಾಯಾಕತ್ತಿತ್ರಿ. ಹ್ಯಾಂಡ್‌ಬ್ರೇಕ್ ಬಿಟ್ಟು ನಾಲ್ಕು ಮಂದಿ ದಬ್ಬಿಕೊಂಡು ನೆರಳಿಗೆ ತಂದೇವ್ರಿ."

"ಎಂಜಿನ್ ಚಾಲೂ ಆಗಲಿಲ್ಲ ಹೌದಿಲ್ಲೋ?" ಅಂದೆ.

"ಇಷ್ಟು ಹತ್ರಕ್ಕ ಎಂಜಿನ್ ಯಾಕ್ರಿ?"

ಚಿಪ್ ಕಳ್ಳರನ್ನ ತಡೀಬಹುದು. ದಿನಾ ಕ್ವಿಂಟಲ್‌ಗಟ್ಟಲೆ ಹೊರಾವರ ಅಂತಃಕರಣ ತಡಿಯೂ ಚಿಪ್ ಇನ್ನೂ ಬಂದಿಲ್ಲ.