ಅಶ್ವಥ್‌ನ ಕೈಗಳು

ಮೊಳಕಾಲ್ಮೂರಿನ ನೇಕಾರ ವೆಂಕಟಪ್ಪನ ಮಗ ಅಶ್ವಥ್ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಾನೆ. ಓದುತ್ತಾನೆಂದು ಮನೆಯವರ ನಂಬಿಕೆ. ಎದ್ದರೆ ಫೋನು, ಮಲಗಿದರೂ ಫೋನು. ಒಂದು ರೀಲ್ ಮುಗಿಯುವ ಮೊದಲೇ ಹೆಬ್ಬೆರಳು ಇನ್ನೊಂದನ್ನು ಎಳೆಯುತ್ತದೆ. ಹೋದ ತಿಂಗಳು ಚಳ್ಳಕೆರೆಯಿಂದ ಊರಿಗೆ ಬರುವವನು ನಡುದಾರಿಯ ತಳಕಿನಲ್ಲಿ ಬಸ್ಸಿಳಿದು, ಯಾಕಿಳಿದೆನೆಂದು ತಿಳಿಯದೆ ನಿಂತಿದ್ದ. ಊಟ ಮಾಡಿದೆನೋ ಇಲ್ಲವೋ ಎಂದು ಕೈ ಮೂಸಿ ನೋಡಿಕೊಳ್ಳುತ್ತಿದ್ದ. ಗೆಳೆಯರು ನಗುತ್ತಿದ್ದರು, ಅವನೂ ನಗುತ್ತಿದ್ದ.

ರಜೆಗೆ ಬಂದಾಗ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದದ್ದು ಇದೊಂದೇ. ಬೆಳಿಗ್ಗೆ ಒಂಬತ್ತಕ್ಕೆ ರೇಷ್ಮೆ ತರಲು ಹೊರಟ ಅವ್ವ ಚಿತ್ತಮ್ಮ ಹೇಳಿದಳು: "ಲೇ ಅಶ್ವಥಾ, ಗಂಟೆಗೊಂದ್ಸಲ ನಾಯ್ನನ ಕಣ್ಣಿಗೆ ಡ್ರಾಪ್ಸ್ ಹಾಕು. ಹೊಸಾ ಬಾಟ್ಲಿ ಗೂಡಿನಾಗೈತೆ. ಮಗ್ಗದ ಹತ್ರ ಇರೋದು ಹಳೇದು, ಅದ್ರಾಗೆ ಎಣ್ಣೆ ತುಂಬೀನಿ."

ಖಾಲಿಯಾದ ಡ್ರಾಪ್ಸ್ ಬಾಟಲಿಗೆ ಮೆಷಿನ್ ಎಣ್ಣೆ ತುಂಬಿ, ಮಗ್ಗದ ಮೇಲೆ ಬುಟ್ಟಾ ಮೂಡಿಸುವ ಜಕಾರ್ಡ್ ಯಂತ್ರಕ್ಕೆ ತೊಟ್ಟು ತೊಟ್ಟು ಬಿಡುವುದು ಆ ಮನೆಯ ರೂಢಿ.

"ಹೂಂ," ಎಂದ, ಫೋನಿನಿಂದ ತಲೆಯೆತ್ತದೆ.

ಮಗ್ಗದ ಗುಂಡಿಗೆ ಕಾಲಿಳಿಸಿ ಕೂತು, ಫೋನನ್ನು ಎದುರಿಗೆ ನಿಲ್ಲಿಸಿಕೊಂಡ. ಲಾಳಿ ಓಡತೊಡಗಿತು.

ಚಾರ್ಜ್ ಮುಗಿದು ಪರದೆ ಕಪ್ಪಾದಾಗಲೇ ಅವನಿಗೆ ಎಚ್ಚರ. ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆ. ಮುಂದೆ ಮೊಳದುದ್ದ ಸೀರೆ ನೇಯ್ದಾಗಿತ್ತು. ಅಂಚು ನೇರವಾಗಿತ್ತು, ಬುಟ್ಟಾ ಒಂದೂ ತಪ್ಪಿರಲಿಲ್ಲ. ನೇಯ್ದ ನೆನಪು ಮಾತ್ರ ಚೂರೂ ಇಲ್ಲ. ತನ್ನ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡಿಕೊಂಡ. ಹೆದರಿಕೆಯಾಯಿತು.

ಆಮೇಲೆ ಅಪ್ಪನ ಕಣ್ಣು ನೆನಪಾಗಿ ಒಳಗೆ ಓಡಿದ.

"ತಪ್ಪಾಯ್ತು ನಾಯ್ನಾ, ಡ್ರಾಪ್ಸ್ ಹಾಕೋದೇ ಮರ್ತೆ."

ಚಾಪೆಯ ಮೇಲೆ ಅಂಗಾತ ಮಲಗಿದ್ದ ವೆಂಕಟಪ್ಪ ನಕ್ಕ. "ಯಾಕ್ಲೇ ಹಂಗಂತೀಯ? ಗಂಟೆಗೊಂದ್ಸಲ ಬಂದು ಹಾಕಿದ್ಯಲ್ಲ, ನಾಕು ಸಲ. ಮಾತಾಡ್ಸಿದ್ರೆ ಹೂಂ ಅಂತಿದ್ದೆ."

ಅಶ್ವಥ್‌ಗೆ ಹೋದ ಜೀವ ಬಂದಂತಾಯಿತು. ಗೂಡಿಗೆ ಕೈಹಾಕಿ ಬಾಟಲಿ ತೆಗೆದ. ಅದರ ಸೀಲು ಒಡೆದಿರಲಿಲ್ಲ.

ಮೆಲ್ಲಗೆ ಮಗ್ಗದ ಕಡೆ ತಿರುಗಿದ. ಹಳೆಯ ಬಾಟಲಿ ಮುಚ್ಚಳ ತೆರೆದು ನಿಂತಿತ್ತು, ಎಣ್ಣೆ ಕೆಳಗಿಳಿದಿತ್ತು.

"ಭಾಳ ಉರೀತೈತಪ್ಪ," ಎಂದ ವೆಂಕಟಪ್ಪ, ಕೆಂಪಾದ ಕಣ್ಣನ್ನು ಕಷ್ಟಪಟ್ಟು ತೆರೆಯುತ್ತ. "ನಿನ್ ಮುಖಾನೂ ಕಾಣವಲ್ದು. ನನ್ ಮಗ ಹಾಕಿದ್ದು ಔಷಧಿನೇ ಅಲ್ವಾ ಅಂತ ತಡ್ಕಂಡೆ. ಔಷಧಿನೇ ತಾನೆ?"

ನಿಜ ಹೇಳಬೇಕೆಂದು ಅಶ್ವಥ್ ಬಾಯಿ ತೆರೆದ.

"ಹೂಂ," ಎಂದಿತು ಬಾಯಿ.