ಕಮಲಾಪುರದಿಂದ ಬಂದ ಉತ್ತರಗಳು

ನಮ್ಮ ವಿಭಾಗದಲ್ಲಿ ಸಂಶೋಧನೆಗೆ ವಿಷಯ ಹುಡುಕುವುದು ಕಷ್ಟವಿರಲಿಲ್ಲ. ಹಿರಿಯರೊಬ್ಬರು ‘ಮಹಿಳೆ ಮತ್ತು ರೇಡಿಯೋ’ ಮಾಡಿದ್ದರು, ಅವರ ನಂತರದವರು ‘ಮಹಿಳೆ ಮತ್ತು ಟಿ.ವಿ. ಧಾರಾವಾಹಿ’. ಮಹಿಳೆ ಅಲ್ಲೇ ಇರುತ್ತಿದ್ದಳು, ಯಂತ್ರ ಬದಲಾಗುತ್ತಿತ್ತು. ನನ್ನ ಸರದಿ ಬರುವಷ್ಟರಲ್ಲಿ ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. “ಈಗ ಸೋಶಿಯಲ್ ಮೀಡಿಯಾದ ಹವಾ ಅದ, ಅದನ್ನೇ ಹಿಡೀರಿ” ಎಂದರು ಗೈಡ್ ಸರ್. ಅವರ ಇ-ಮೇಲ್ ತೆರೆದುಕೊಡುತ್ತಿದ್ದವಳು ನಾನೇ.

ಮನೆಯಲ್ಲಿ ಅಪ್ಪನದು ಬೇರೆ ಹವಾ. ಕಮಲಾಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಫೋಟೋವನ್ನು ಟಿ.ವಿ. ಮೇಲೆ ಒರಗಿಸಿಟ್ಟಿದ್ದರು, ವಾರ್ತೆ ನೋಡುವಾಗೆಲ್ಲ ಅವನನ್ನೂ ನೋಡಬೇಕು.

“ಅವರು ಹೂಂ ಅಂದ್ರ ನಿನ್ನ ಪಿಎಚ್.ಡಿ. ಬಂದ್. ಒಲ್ಲೆ ಅಂದ್ರ ನೀ ಮುಗಿಸೂತನ ನಾ ಸುಮ್ಮ” ಎಂದು ಅಪ್ಪ ಕರಾರು ಹಾಕಿದರು.

ನಾನು ಜೇವರ್ಗಿ ಕಾಲೋನಿಯ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು, ಜಿಲ್ಲೆಯ ಹೆಣ್ಣುಮಕ್ಕಳು ನನ್ನ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ನನ್ನ ಹೆಸರು, ವಿಭಾಗದ ಸಮೇತ ಸೋಶಿಯಲ್ ಮೀಡಿಯಾದಲ್ಲಿ ಕೋರಿಕೆ ಹಾಕಿದೆ. ಆಗ ಯಾರೂ ಫೋಟೋದ ಜಾಗದಲ್ಲಿ ತಮ್ಮ ಮುಖ ಹಾಕುತ್ತಿರಲಿಲ್ಲ. ಎಲ್ಲರೂ ಗುಲಾಬಿ, ಇಲ್ಲವೇ ಯಾರದೋ ಕೂಸು. ನನ್ನ ಕೋರಿಕೆ ಕಂಡು ಗುಲಾಬಿಗಳೆಲ್ಲ ಮಾಯವಾದವು. ಉತ್ತರಿಸಿದ್ದು ಒಬ್ಬರೇ, ಕಮಲಾಪುರದ ಒಬ್ಬ ಶಾಲಾ ಶಿಕ್ಷಕಿ. ಅವರ ಫೋಟೋದಲ್ಲಿ ಕೆಂಪು ಬಾಳೆಯ ಗೊನೆಯಿತ್ತು.

ಎದುರಿನವರನ್ನು ಮಾತಾಡಿಸಬೇಕಾದರೆ ಮೊದಲು ನೀವು ಮಾತಾಡಿ ಎಂದು ಗೈಡ್ ಸರ್ ಕಲಿಸಿದ್ದರು. ನನಗೆ ಅಷ್ಟು ಹೇಳಿದರೆ ಸಾಕಲ್ಲ! ದಿನಕ್ಕೆ ಎಷ್ಟು ಹೊತ್ತು ಇಂಟರ್‌ನೆಟ್ ನೋಡುತ್ತೀರಿ ಎಂದು ನಾನು ಕೇಳಿದರೆ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಅವರು ಕೇಳುತ್ತಿದ್ದರು. ಬಡಿದರೆ ಹರಿಯುತ್ತದೆ ಎಂದೆ. ಸಿಟ್ಟು ಬಂದರೆ ಎರಡು ದಿನ ಇಳಿಯುವುದಿಲ್ಲ ಎಂದೆ. ಥೀಸಿಸ್ ಮುಗಿಯುವ ತನಕ ಯಾವ ಗಂಡಿನ ಮುಂದೆಯೂ ಚಹಾದ ಟ್ರೇ ಹಿಡಿದು ನಿಲ್ಲುವವಳಲ್ಲ ಎಂದೂ ಬರೆದೆ. ಬರೆದು ಎದೆ ಹಗುರಾಯಿತು.

ನಾಲ್ಕು ತಿಂಗಳ ಮೇಲೆ, ಹುಡುಗನ ಕಡೆಯ ಹೂಂ-ಒಲ್ಲೆ ಇನ್ನೂ ಬಾರದಿರುವಾಗ, ಟೇಪ್ ರೆಕಾರ್ಡರ್ ಹಿಡಿದು ಸಂದರ್ಶನಕ್ಕೆಂದು ಅವರ ಮನೆಗೇ ಹೋದೆ. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಬಂದವು. ಆಮೇಲೆ ಒಳಗಿನಿಂದ ಚಹಾದ ಟ್ರೇ ಹಿಡಿದು, ತಲೆ ತಗ್ಗಿಸಿ, ಒಬ್ಬ ಗಂಡಸು ಬಂದ. ನಮ್ಮ ಟಿ.ವಿ. ಮೇಲಿದ್ದ ಅದೇ ಮುಖ. ಟ್ರೇ ಇಟ್ಟು ಬಾಗಿಲ ಹಿಂದೆ ಸರಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಇಷ್ಟು ದಿನ ನನ್ನ ಪರೀಕ್ಷೆ ಮಾಡಾಕತ್ತಿದ್ರೇನ್ರೀ?”

“ನೀ ನನ್ನ ಮಾಡಾಕತ್ತಿದ್ದಿಲ್ಲೇನವಾ?” ಎಂದರು ಆ ಶಿಕ್ಷಕಿ.

ಅವರೇ ಮುಂದುವರಿಸಿದರು, “ಚಿಂತಿ ಮಾಡಬ್ಯಾಡ. ಈ ಸಂಬಂಧ ಒಲ್ಲೆ ಅಂತ ನಿಮ್ಮಪ್ಪಗ ಹೇಳಿ ಕಳಸ್ತೀನಿ.”

ಕುಣಿಯಬೇಕಿತ್ತು ನಾನು. ಅದರ ಬದಲು ಮುಖ ಸಣ್ಣದು ಮಾಡಿ ಕೇಳಿದೆ, “ಯಾಕ್ರೀ? ರೊಟ್ಟಿ ಹರೀತಾವಂತೇನು?”

“ರೊಟ್ಟಿ ಇಂವ ಬಡೀತಾನ. ನಿನಗ ಥೀಸಿಸ್ ಮುಗಸೂದು ಅದ, ನೀನೇ ಬರದಿದ್ದಿ. ನಾ ನಂಬೀನಿ. ಐಬು ನಮ್ಮ ಹುಡುಗಂದೇ ಅಂತ ಹೇಳ್ತೀನಿ, ನಿನ್ನ ಮ್ಯಾಲ ಮಾತು ಬರಾಂಗಿಲ್ಲ.”

“ಯವ್ವಾ, ನಂದೇನು ಐಬು?” ಎಂದಿತು ಬಾಗಿಲ ಹಿಂದಿನ ದನಿ.

“ನೀ ಸುಮ್ಮನಿರು. ಮಶೀನ್ ಹಚ್ಚವಾ, ಏನೇನು ಕೇಳೂದದ ಕೇಳು.”

ವಾರದೊಳಗೆ ಅಪ್ಪ ಟಿ.ವಿ. ಮೇಲಿನ ಫೋಟೋ ತೆಗೆದರು. “ಒಲ್ಲೆ ಅಂದ್ರು. ಹುಡುಗಂದೇ ಏನೋ ಐಬು ಅದ ಅಂತ. ನೀ ಓದವಾ” ಎಂದರು.

ಚಹಾ ಮಾತ್ರ ಚಲೋ ಮಾಡಿದ್ದ ಎನ್ನಲು ಬಾಯಿಗೆ ಬಂದಿತ್ತು. ನುಂಗಿಕೊಂಡು ಓದಲು ಕೂತೆ.